ದುಬಾರಿ ಪೆಟ್ಟಿಗೆ, ಅಗ್ಗದ ಪೆಟ್ಟಿಗೆ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ, ಕಾರಿನ ಸೀಟುಗಳ ಒಳಗಿನ ಉಕ್ಕಿನ ಚೌಕಟ್ಟು ಮಾಡಿಕೊಡುವ ಒಂದು ಕಂಪನಿಯಲ್ಲಿ ನಾನು ಡಿಸೈನ್ ಎಂಜಿನಿಯರ್ ಆಗಿದ್ದೆ. ಮೈಸೂರಿನ ಕಾಲೇಜಿನಲ್ಲಿ ನಮ್ಮ ಮೆಕ್ಯಾನಿಕಲ್ ಕ್ಲಾಸಿಗೆ ನಾವು ಇಬ್ಬರೇ ಹುಡುಗಿಯರು. ಇನ್ನೊಬ್ಬಳು ಬುದ್ಧಿವಂತೆ, ಬ್ಯಾಂಕ್ ಪರೀಕ್ಷೆ ಬರೆದಳು. ನಾನು ಸೀಟನ್ನು ಹಿಂದೆ ಮುಂದೆ ಸರಿಸುವ ಹಳಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತ ಮೂರು ವರ್ಷ ಕಳೆದಿದ್ದೆ. ಮನೆಗೆ ಬಂದವರು ನನ್ನ ಕೆಲಸ ಏನೆಂದು ಕೇಳಿದರೆ ನನ್ನ ಗಂಡ, ಅಮೆರಿಕದವರ ಅಂಡಿನ ಕೆಳಗೆ ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದ.

ನಾವು ಕೂರುತ್ತಿದ್ದ ಹಾಲ್‌ನಲ್ಲಿ ಹದಿನೆಂಟು ಯುನಿಕ್ಸ್ ವರ್ಕ್‌ಸ್ಟೇಷನ್‌ಗಳಿದ್ದವು. ಡಿಸೈನ್ ಕೆಲಸಕ್ಕೆಂದೇ ಮಾಡಿದ ದೊಡ್ಡ ಕಂಪ್ಯೂಟರುಗಳು ಅವು, ಒಂದೊಂದಕ್ಕೆ ಇಪ್ಪತ್ತು ಸಾವಿರ ಡಾಲರಿಗೂ ಮೇಲೆ ಕೊಟ್ಟಿದ್ದರು. ಆ ದುಡ್ಡಿಗೆ ಆಗ ಮೈಸೂರಿನ ವಿಜಯನಗರದಲ್ಲಿ ಒಂದು ಸೈಟು ಬರುತ್ತಿತ್ತು. ಹಾಗಾಗಿ ನಾನು ದಿನಾ ಬೆಳಿಗ್ಗೆ ಹದಿನೆಂಟು ಸೈಟುಗಳ ನಡುವೆ ನಡೆದು ನನ್ನ ಸೈಟಿನ ಮುಂದೆ ಕೂರುತ್ತಿದ್ದೆ. ಆ ಊರಿನ ರೂಢಿಯಂತೆ ಅಲ್ಲಿ ಎಲ್ಲರೂ ಆ ಕೆಲಸಕ್ಕೆ ಟ್ಯೂಬ್ ಮುಂದೆ ಕೂರುವುದು ಎನ್ನುತ್ತಿದ್ದರು. ಟ್ಯೂಬ್ ಎಂದರೆ ಆ ದೊಡ್ಡ ಮಾನಿಟರ್. ಅದನ್ನು ಎತ್ತಿಡಲು ಇಬ್ಬರು ಬೇಕಿತ್ತು.

ಒಂದು ಸೋಮವಾರದ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಆ ಯಂತ್ರಗಳ ವಾರ್ಷಿಕ ದುರಸ್ತಿಯ ಕರಾರು ಹಿಡಿದುಕೊಂಡು ನಿಟ್ಟುಸಿರು ಬಿಟ್ಟ. ಅವನು ಕಾಫಿ ಪುಡಿಗೂ ಮೂರು ಕಡೆಯಿಂದ ಕೊಟೇಶನ್ ತರಿಸುವ ಮನುಷ್ಯ. ನಾನು ಸುಮ್ಮನಿರಬಹುದಿತ್ತು. ನಮ್ಮನೆಯ ಊಟದ ಮೇಜಿನ ಮೇಲೆ ನನ್ನ ಗಂಡ ಬಿಡಿಭಾಗ ಜೋಡಿಸಿ ಮಾಡಿದ ಪಿಸಿಯಲ್ಲೂ ಇದೇ ಸಾಫ್ಟ್‌ವೇರ್ ಓಡುತ್ತದೆ, ಅದಕ್ಕೆ ಬಿದ್ದ ಖರ್ಚು ಮೂರು ಸಾವಿರ ಎಂದುಬಿಟ್ಟೆ. ಮ್ಯಾನೇಜರ್ ನನ್ನ ಕಡೆ ತಿರುಗಿ, ಹಾಗಾದರೆ ತೋರಿಸು ಎಂದ. ಒಂದು ತಿಂಗಳು ಸಮಯ. ಈಗಿರುವ ಯಂತ್ರ, ಯಾವುದಾದರೂ ಕಂಪನಿಯ ಒಳ್ಳೆಯ ಪಿಸಿ, ಜೊತೆಗೆ ನಮ್ಮನೆಯ ಅಡ್ನಾಡಿ ಪೆಟ್ಟಿಗೆ, ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚಿ ವರದಿ ಕೊಡಬೇಕು. ಜೊತೆಗೆ ಯಾರನ್ನಾದರೂ ಹಾಕಿಕೋ ಎಂದವನು, ಉತ್ತರಕ್ಕೂ ಕಾಯದೆ ಹೇಳಿದ, ‘ಅಂಕಲ್ ಇದ್ದಾರಲ್ಲ.’

ಅಂಕಲ್ ಎಂದರೆ ನಮ್ಮ ವಿಭಾಗದ ಅತ್ಯಂತ ಹಿರಿಯ ಡಿಸೈನರ್. ಬಿಜಾಪುರದವರು, ಆಗ ಐವತ್ತೆರಡು ವರ್ಷ. ಪೆನ್ಸಿಲ್, ಸ್ಕೇಲು ಹಿಡಿದು ಬೋರ್ಡಿನ ಮೇಲೆ ಬಿಡಿಸುವ ಕಾಲದಿಂದ ಬಂದವರು. ನಾನು ಸೇರಿದ ದಿನ ಅವರು ಕನ್ನಡ ಮಾತಾಡಿದ್ದು ಕೇಳಿ, ನಮ್ಮ ಕಡೆಯ ಎಲ್ಲ ಹಿರಿಯರನ್ನು ಕರೆಯುವಂತೆ ಅಂಕಲ್ ಎಂದೆ. ಅದು ಅವರ ಹೆಸರೇ ಇರಬೇಕು ಎಂದು ಪಕ್ಕದವನು ತಿಳಿದುಕೊಂಡ. ಅವರ ನಿಜವಾದ ಹೆಸರು ಉಚ್ಚರಿಸಲು ಅವನಿಗೆ ಎಂದೂ ಬಂದಿರಲಿಲ್ಲ. ಒಂದು ತಿಂಗಳೊಳಗೆ ಇಡೀ ಹಾಲ್, ಆಮೇಲೆ ಮ್ಯಾನೇಜರ್, ಕೊನೆಗೆ ಗೇಟಿನ ಕಾವಲಿನವನೂ ಅವರನ್ನು ಅಂಕಲ್ ಎನ್ನತೊಡಗಿದರು. ಅವರಿಗಿಂತ ಆರು ವರ್ಷ ದೊಡ್ಡವನಾದ, ಬೇರೆ ವಿಭಾಗದ ಒಬ್ಬ ಬೋಳುತಲೆಯವನು ‘ಗುಡ್ ಮಾರ್ನಿಂಗ್ ಅಂಕಲ್’ ಎಂದಾಗಲೆಲ್ಲ ಅವರು ನನ್ನ ಕಡೆ ಒಮ್ಮೆ ಕಣ್ಣು ಬಿಡುತ್ತಿದ್ದರು.

ಅಂಕಲ್‌ಗೆ ತಮ್ಮ ಯುನಿಕ್ಸ್ ಯಂತ್ರದ ಮೇಲೆ ಇದ್ದದ್ದು ಬರೀ ಅಭಿಮಾನ ಎಂದರೆ ಸಾಲದು. ಅದು ಎಷ್ಟು ದಿನದಿಂದ ಒಮ್ಮೆಯೂ ನಿಲ್ಲದೆ ಓಡುತ್ತಿದೆ ಎಂದು ಹೇಳುವ ಒಂದು ಆಜ್ಞೆ ಆ ಯಂತ್ರದಲ್ಲಿ ಇತ್ತು. ಸೋಮವಾರ ಬಂದ ಕೂಡಲೇ ಅವರು ಅದನ್ನು ಟೈಪ್ ಮಾಡಿ, ಬಂದ ಸಂಖ್ಯೆಯನ್ನು ಸುತ್ತಲಿನವರಿಗೆ ಕೇಳುವಂತೆ ಓದುತ್ತಿದ್ದರು. ನಾನೂರ ಹನ್ನೊಂದು ದಿನ. ನಾನೂರ ಹದಿನೆಂಟು ದಿನ. ಮೊಮ್ಮಗು ಎಷ್ಟು ತೂಕ ಬಂತು ಎಂದು ಹೇಳುವ ದನಿ ಅದು.

ಆ ತಿಂಗಳು ಅವರ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ನಾಲ್ಕು ಗ್ಯಾರೇಜಿನಲ್ಲಿ ಬೆಲೆ ಕೇಳಿ ಮುಗಿಸುವ ತನಕ ರಿಪೇರಿಗೆ ಬಿಡುವುದಿಲ್ಲ ಎಂದು ಅವರು ಹಟ ಹಿಡಿದಿದ್ದರಿಂದ, ಸ್ಟರ್ಲಿಂಗ್ ಹೈಟ್ಸ್‌ನಿಂದ ಅವರನ್ನು ಕರೆತಂದು ವಾಪಸ್ ಬಿಡುವ ಕೆಲಸ ನನಗೆ ಬಿತ್ತು. ಹೋಗುತ್ತ ಎಂಟು ಮೈಲಿ, ಬರುತ್ತ ಎಂಟು ಮೈಲಿ, ಇಬ್ಬರದೂ ಒಂದೇ ಜಗಳ. ಪ್ರೊಸೆಸರ್ ವೇಗ ಇಷ್ಟು, ಮೆಮೊರಿ ಇಷ್ಟು, ಬೆಲೆ ಐದನೇ ಒಂದು ಪಾಲು ಎಂದು ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಅವರು ಕಿಟಕಿಯಾಚೆ ಹಿಮ ನೋಡುತ್ತ ಎಲ್ಲ ಕೇಳಿಸಿಕೊಂಡು ಒಂದು ದಿನ ಹೇಳಿದರು:

‘ನೋಡು ತಂಗಿ, ನೀ ಬೆಲಿ ಹೇಳಾಕತ್ತಿ. ನಾ ಬಾಳಿಕಿ ಹೇಳಾಕತ್ತೀನಿ.’

‘ಬಾಳಿಕೆ ಬರ್ಲಿ ಅಂತ ಮೂಲೇಲಿ ಇಟ್ಕೊಳ್ಳೋಕೆ ಅದೇನು ಒನಕೇನಾ ಅಂಕಲ್? ಎರಡು ವರ್ಷಕ್ಕೆ ಹಳೇದಾಗತ್ತೆ, ಎಸೀತೀವಿ.’

‘ಎರಡು ವರ್ಷಕ್ಕ ಎಸಿಯೂದ ನಿನಗ ಲಾಭ ಅನಸ್ತದ?’

ಲಾಭ ಎಂದೇ ನನಗೆ ಅನಿಸಿತ್ತು. ಇಪ್ಪತ್ತೆಂಟರ ವಯಸ್ಸಿನಲ್ಲಿ ಎಸೆಯುವ ವಸ್ತುಗಳೆಲ್ಲ ಲಾಭವಾಗಿಯೇ ಕಾಣುತ್ತವೆ.

ಸುದ್ದಿ ಹಬ್ಬಿದ ಮೇಲೆ ಇನ್ನೊಬ್ಬ ಸ್ಪರ್ಧಿ ಬಂದ. ನಮ್ಮ ಕಂಪನಿಯ ಕ್ಯಾಟಲಾಗು, ಬ್ರೋಷರು ಮಾಡುತ್ತಿದ್ದ ಜುಟ್ಟಿನ ಕಲಾವಿದ. ಅವನ ಮೇಜಿನ ಮೇಲೆ ಬೇರೆಯೇ ಜಾತಿಯ, ನೀಲಿ-ಬಿಳಿ ಪ್ಲಾಸ್ಟಿಕ್ಕಿನ, ನೋಡಿದರೆ ಮುಟ್ಟಬೇಕೆನ್ನಿಸುವ ಯಂತ್ರವಿತ್ತು. ಪಿಸಿಗಿಂತ ದುಬಾರಿ, ಯುನಿಕ್ಸಿಗಿಂತ ಅಗ್ಗ. ತನ್ನದನ್ನೂ ಪರೀಕ್ಷೆಗೆ ಸೇರಿಸಬೇಕು ಎಂದು ಅವನು ಪಟ್ಟು ಹಿಡಿದ. ನಮ್ಮ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲವಲ್ಲ ಎಂದರೆ, ಅದು ನಿಮ್ಮ ಸಾಫ್ಟ್‌ವೇರಿನ ದೋಷ, ಯಂತ್ರವನ್ನು ಯಾಕೆ ದೂರುತ್ತೀರಿ ಎಂದ. ಬಗ್ಗಿ ನೋಡಿದ ಅಂಕಲ್, ವಸ್ತು ಭಾಳ ಚೆಂದ ಐತಿ, ನಮ್ಮ ಮನ್ಯಾಗ ಇಟ್ಟರ ಹೆಂಡತಿ ಅದರ ಮ್ಯಾಲ ಹೂದಾನಿ ಇಡ್ತಾಳ ಎಂದು ಕನ್ನಡದಲ್ಲಿ ಹೇಳಿದರು. ಅವರು ಒಪ್ಪಿದರು ಎಂದು ನಾನು ಅವನಿಗೆ ಅನುವಾದಿಸಿದೆ. ಅವನು ಖುಷಿಯಾಗಿ ಹೋದ. ಆಮೇಲೆ ಕೇಳಲೂ ಬರಲಿಲ್ಲ.

ಮಾರಾಟಗಾರರು ಮಾತ್ರ ಬಿಡದೆ ಬಂದರು. ಯುನಿಕ್ಸ್ ಯಂತ್ರದವನು ನಮ್ಮಿಬ್ಬರನ್ನೂ ಬಿಳಿ ಮೇಜುಬಟ್ಟೆಯ ರೆಸ್ಟೊರೆಂಟಿಗೆ ಕರೆದೊಯ್ದು, ಅಂಗೈ ಅಗಲದ ಮಾಂಸದ ತುಂಡುಗಳ ಹೆಸರು ಓದಿ ಹೇಳಿದ. ಪಿಸಿಯವನು ಕಾನ್ಫರೆನ್ಸ್ ರೂಮಿಗೇ ಪಿಟ್ಸಾ ತಂದ, ಅದರ ಮೇಲೆಲ್ಲ ಹಂದಿಮಾಂಸದ ಬಿಲ್ಲೆಗಳು. ನಾನು ಸಸ್ಯಾಹಾರಿ. ಅಂಕಲ್ ಹಲಾಲ್ ಅಲ್ಲದ್ದನ್ನು ಮುಟ್ಟುವವರಲ್ಲ. ರೆಸ್ಟೊರೆಂಟಿನಲ್ಲಿ ಇಬ್ಬರೂ ಸುಟ್ಟ ಆಲೂಗಡ್ಡೆ ತಿಂದೆವು, ಕಾನ್ಫರೆನ್ಸ್ ರೂಮಿನಲ್ಲಿ ಇಬ್ಬರೂ ಚಿಪ್ಸ್ ತಿಂದೆವು. ಮಿಶಿಗನ್ ರಾಜ್ಯದಲ್ಲಿ ನಮ್ಮಷ್ಟು ನಿಷ್ಪಕ್ಷಪಾತಿಗಳಾದ ತೀರ್ಪುಗಾರರು ಇನ್ನಾರೂ ಇರಲಿಲ್ಲ ಎಂದು ಆಗ ನಾನು ಹೇಳಿಕೊಂಡು ನಕ್ಕಿದ್ದುಂಟು. ಆ ಮಾತು ಸುಳ್ಳಾಗಲು ಎರಡು ವಾರವೂ ಬೇಕಾಗಲಿಲ್ಲ.

ನಮ್ಮನೆಯ ಪೆಟ್ಟಿಗೆಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಆ ದಿನಗಳಲ್ಲಿ ಭಾನುವಾರ ದೊಡ್ಡ ದೊಡ್ಡ ಹಾಲ್‌ಗಳಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಸಂತೆ ನಡೆಯುತ್ತಿತ್ತು. ನಾನು, ನನ್ನ ಗಂಡ ಹೊರಟೆವು. ಸಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಕಲ್ ಕೋಟು ಹಾಕಿಕೊಂಡು ಬಂದುಬಿಟ್ಟರು. ಮಡಚುವ ಮೇಜುಗಳ ಮೇಲೆ ರಾಶಿ ರಾಶಿ ಕಾರ್ಡು, ಕೇಬಲ್ಲು, ಮೌಸು. ನಮಗೆ ಬೇಕಾದ ಕಾರ್ಡು ಬಿಳಿ ಗಡ್ಡದ ಒಬ್ಬ ಪೋಲಿಷ್ ಮುದುಕನ ಹತ್ತಿರ ಇತ್ತು. ಒಂಬೈನೂರು ಡಾಲರ್ ಎಂದ. ನನ್ನ ಗಂಡ ಚೆಕ್‌ಬುಕ್ ತೆಗೆಯಲು ಜೇಬಿಗೆ ಕೈಹಾಕಿದ. ಅಂಕಲ್ ಆ ಕೈಯನ್ನು ಅಲ್ಲೇ ಒತ್ತಿ ಹಿಡಿದರು.

ಆಮೇಲೆ ನಡೆದದ್ದನ್ನು ನಾನು, ನನ್ನ ಗಂಡ ಕೇಬಲ್ ಮೇಜಿನ ಹಿಂದೆ ಅಡಗಿ ನಿಂತು ನೋಡಿದೆವು. ಅಂಕಲ್ ಡಬ್ಬದ ಮೂಲೆ ಜಜ್ಜಿದ್ದನ್ನು ತೋರಿಸಿದರು. ಕಾರ್ಡನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಐನೂರು ಎಂದರು. ಮುದುಕ ಎದೆಯ ಮೇಲೆ ಕೈಯಿಟ್ಟುಕೊಂಡ. ಅಂಕಲ್ ಹೊರಟೇಹೋದರು, ಎದುರು ಮೇಜಿನಲ್ಲಿ ಬೇಡದ ಕೀಬೋರ್ಡಿನ ಬೆಲೆ ಕೇಳಿದರು, ಮತ್ತೆ ಬಂದರು. ಇಪ್ಪತ್ತು ನಿಮಿಷದ ನಂತರ ಆರುನೂರ ಎಂಬತ್ತಕ್ಕೆ ಇಬ್ಬರೂ ಕೈಕುಲುಕಿದರು. ಮುದುಕ ಖುಷಿಯಾಗಿ ಒಂದು ಮೌಸ್ ಪ್ಯಾಡನ್ನು ಮೇಲೆ ಹಾಕಿಕೊಟ್ಟ. ನಾಳೆ ತಮ್ಮ ಯಂತ್ರವನ್ನು ಹೊಡೆಯಲಿರುವ ಕತ್ತಿಗೆ ತಾವೇ ಸಾಣೆ ಹಿಡಿದುಕೊಟ್ಟ ಆ ಮನುಷ್ಯ ಕಾರಿನಲ್ಲಿ ಕೂತು, ನಿನ್ನ ಪೆಟಿಗಿ ಸೋಲಬೇಕು ಖರೆ, ಆದ್ರ ಜಾಸ್ತಿ ರೊಕ್ಕ ಕೊಟ್ಟು ಸೋಲಬಾರದು ಎಂದರು.

ಪರೀಕ್ಷೆ ಶುರುವಾಯಿತು. ಬಿಡಿಭಾಗ ಬಿಡಿಸುವುದು, ತಿರುಗಿಸಿ ನೋಡುವುದು, ಡ್ರಾಯಿಂಗ್ ತೆಗೆಯುವುದು, ಉಳಿಸುವುದು. ನಾನು ಗಡಿಯಾರ ಹಿಡಿದು ಕೂರುತ್ತಿದ್ದೆ, ಅಂಕಲ್ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಎರಡು ಪಿಸಿಗಳೂ ಯುನಿಕ್ಸ್ ಯಂತ್ರವನ್ನು ಸಲೀಸಾಗಿ ಹಿಂದೆ ಹಾಕಿದವು. ಅದರಲ್ಲೂ ನಮ್ಮನೆಯ ಅಡ್ನಾಡಿ ಪೆಟ್ಟಿಗೆ ಅಂಗಡಿಯ ಪಿಸಿಗಿಂತ ಒಂದು ಕೈ ಮುಂದೆಯೇ ಇತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲ್‌ನ ಜನ ಪಿಸಿ, ಯುನಿಕ್ಸ್ ಎಂದು ಎರಡು ಪಂಗಡವಾದರು. ಊಟದ ಹೊತ್ತಿನಲ್ಲಿ ಬೇಸ್‌ಬಾಲ್ ಮಾತು ನಿಂತು, ಯಾವ ಪೆಟ್ಟಿಗೆ ಕೊಟ್ಟ ಕಾಸಿಗೆ ತಕ್ಕದ್ದು ಎಂಬ ಮಾತೇ ನಡೆಯಿತು. ಸ್ವಂತ ದುಡ್ಡಿನಲ್ಲಿ ಒಂದು ಕ್ಯಾಲ್ಕುಲೇಟರ್ ಸಹ ಕೊಳ್ಳದವರು ಕಂಪನಿಯ ದುಡ್ಡಿನ ಬಗ್ಗೆ ಕುತ್ತಿಗೆ ನರ ಉಬ್ಬಿಸಿ ವಾದ ಮಾಡುತ್ತಿದ್ದರು.

ಉಳಿದದ್ದು ಕೊನೆಯ ಪರೀಕ್ಷೆ. ಸೀಟಿನ ಎಲ್ಲ ಭಾಗಗಳನ್ನೂ ಕಾರಿನ ನೆಲದ ಸಮೇತ ಒಂದೇ ಸಲ ತೆರೆದು, ಸೀಟು ಹಿಂದೆ ಮುಂದೆ ಸರಿದಾಗ ಎಲ್ಲೂ ಯಾವುದಕ್ಕೂ ತಾಗುವುದಿಲ್ಲವೇ ಎಂದು ನೋಡುವುದು. ಪೂರ್ಣ ಜೋಡಣೆ ಎಂದು ಅದನ್ನು ಕರೆಯುತ್ತಿದ್ದೆವು. ಅದನ್ನು ಒಂದು ಶುಕ್ರವಾರ ಇಟ್ಟುಕೊಂಡೆ. ಮಧ್ಯಾಹ್ನ ಅಂಕಲ್ ನಮಾಜಿಗೆ ಮಸೀದಿಗೆ ಹೋಗುವಾಗ, ತಮ್ಮ ಯಂತ್ರದಲ್ಲಿ ಅದನ್ನು ಓಡಲು ಹಚ್ಚಿ, ನೋಡಿಕೊಂಡಿರು ಎಂದು ನನ್ನ ಕಾರಿನ ಕೀಲಿ ತೆಗೆದುಕೊಂಡು ಹೋದರು. ಅವರ ಯಂತ್ರ ಆನೆ ನಡೆದ ಹಾಗೆ ನಿಧಾನವಾಗಿ ನಡೆದು ಐವತ್ತು ನಿಮಿಷದಲ್ಲಿ ಕೆಲಸ ಮುಗಿಸಿತು. ಅಷ್ಟರಲ್ಲಿ ನಮ್ಮನೆಯ ಪೆಟ್ಟಿಗೆ ಎರಡು ಸಲ ಮುಗ್ಗರಿಸಿ ನಿಂತಿತ್ತು. ಅಂಗಡಿಯ ಪಿಸಿಯಲ್ಲಿ ಹಚ್ಚಿದೆ. ಅದೂ ಮುಕ್ಕಾಲು ದಾರಿ ಹೋಗಿ, ಮೆಮೊರಿ ಸಾಲದೆ ಪರದೆಯ ಮೇಲೆ ಅರ್ಧ ಸೀಟು ತೋರಿಸುತ್ತ ಕಲ್ಲಾಯಿತು. ಅಂಕಲ್ ವಾಪಸ್ ಬಂದು ಕೋಟು ಬಿಚ್ಚುವಾಗ ಆ ಅರ್ಧ ಸೀಟು ಅಲ್ಲೇ ಇತ್ತು. ಅವರು ಕನ್ನಡಕ ಹಾಕಿಕೊಂಡರು, ನೋಡಿದರು, ಕಾಗದದ ಮೇಲೆ ಹೊತ್ತು ಬರೆದರು.

ವರದಿ ಬರೆಯುವಾಗ ಏಳನೇ ಪುಟದಲ್ಲಿ ಪೂರ್ಣ ಜೋಡಣೆಯ ಪರೀಕ್ಷೆ ಇತ್ತು. ಬರೆದೆ, ಓದಿದೆ. ಆರು ಪುಟ ಗೆದ್ದು ಏಳನೆಯದರಲ್ಲಿ ಮಣ್ಣು ಮುಕ್ಕಿದ ಹಾಗೆ ಕಂಡಿತು. ಪೂರ್ಣ ಜೋಡಣೆ ತೆರೆಯುವುದು ಎರಡು ತಿಂಗಳಿಗೊಮ್ಮೆ, ಅದಕ್ಕಾಗಿ ಇಡೀ ವರದಿಯ ಮುಖಕ್ಕೆ ಮಸಿ ಯಾಕೆ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಆ ಪುಟ ತೆಗೆದುಹಾಕಿದೆ. ಎಂಟನೆಯದನ್ನು ಏಳು ಮಾಡಿದೆ. ಮನೆಯಲ್ಲಿ ಗಂಡನಿಗೂ ಹೇಳಲಿಲ್ಲ. ಅವನಿಗೆ ತಿಳಿದಿದ್ದರೆ ಪೆಟ್ಟಿಗೆಗೆ ಇನ್ನಷ್ಟು ಮೆಮೊರಿ ಹಾಕಲು ಮತ್ತೆ ಸಂತೆಗೆ ಹೊರಡುತ್ತಿದ್ದ.

ಮೀಟಿಂಗಿನಲ್ಲಿ ನಾನು ಪುಟ ಪುಟ ತಿರುವಿ ತೋರಿಸಿದೆ. ಮ್ಯಾನೇಜರ್ ಮುಖದಲ್ಲಿ ದೀಪಾವಳಿ. ಕೊನೆಗೆ ಅವನು ಅಂಕಲ್ ಕಡೆ ತಿರುಗಿ, ನೀವು ಏನಾದರೂ ಸೇರಿಸುವುದಿದೆಯೇ ಎಂದು ಕೇಳಿದ. ನಾನು ವರದಿ ಮುಚ್ಚಿಟ್ಟೆ. ಅಂಕಲ್ ಹಾಳೆಗಳನ್ನು ಮೇಜಿಗೆ ಕುಟ್ಟಿ ಸರಿಯಾಗಿ ಜೋಡಿಸಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, ‘ಇದರಲ್ಲಿ ಇರುವ ಅಂಕಿಗಳೆಲ್ಲ ಸರಿಯಾಗಿವೆ.’ ಆಮೇಲೆ, ತಾವು ಹಳೆಯ ಕಾಲದವರು, ತಮ್ಮ ಯಂತ್ರ ಒಂದನ್ನು ಮಾತ್ರ ಬಿಟ್ಟರೆ ಸಾಕು ಎಂದು ವಿನಂತಿ ಮಾಡಿಕೊಂಡರು. ಮ್ಯಾನೇಜರ್ ನಕ್ಕು ಒಪ್ಪಿದ. ಗೆದ್ದವರಿಗೆ ಉದಾರಿಗಳಾಗುವುದು ಸುಲಭ, ನಾನೂ ನಕ್ಕೆ.

ಎರಡು ತಿಂಗಳಲ್ಲಿ ಹದಿನೇಳು ಹೊಸ ಪಿಸಿಗಳು ಬಂದವು. ಹಳೆಯವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದರು. ವಸಂತದವರೆಗೆ ಎಲ್ಲ ಚೆನ್ನಾಗಿತ್ತು. ಉಳಿದ ದುಡ್ಡಿನ ಬಗ್ಗೆ ಮೇಲಿನವರು ಮ್ಯಾನೇಜರನ್ನು ಹೊಗಳಿದರು, ಅವನು ನನ್ನನ್ನು ಹೊಗಳಿದ, ನಾನು ಮನೆಗೆ ಹೋಗಿ ನನ್ನನ್ನೇ ಹೊಗಳಿಕೊಂಡೆ. ಆಗ ನಮ್ಮ ಗಿರಾಕಿಯಾದ ಕಾರಿನ ಕಂಪನಿ ತನ್ನ ಕಾರಿನ ನೆಲದ ಆಕಾರವನ್ನೇ ಬದಲಾಯಿಸಿತು. ಎರಡು ತಿಂಗಳಿಗೊಮ್ಮೆ ಬೇಕಾಗುತ್ತಿದ್ದ ಪೂರ್ಣ ಜೋಡಣೆ ಈಗ ಎಲ್ಲರಿಗೂ ದಿನಕ್ಕೆರಡು ಸಲ ಬೇಕಾಯಿತು. ಹದಿನೇಳು ಪರದೆಗಳ ಮೇಲೆ ಹದಿನೇಳು ಅರ್ಧ ಸೀಟುಗಳು ಕಲ್ಲಾಗಿ ಕೂತವು. ಆ ಪಿಸಿಗಳು ಹಿಡಿಸುವಷ್ಟು ಮೆಮೊರಿ ತುಂಬಿದರೂ ಸಾಲಲಿಲ್ಲ. ಹಾಲ್‌ನಲ್ಲಿ ಕೆಲಸ ಮುಗಿಸುವ ಯಂತ್ರ ಉಳಿದದ್ದು ಒಂದೇ.

ಅಂಕಲ್ ಮೇಜಿನ ಮುಂದೆ ಸರದಿ ಶುರುವಾಯಿತು. ಮೊದಲ ದಿನ ಗದ್ದಲವಾದ ಮೇಲೆ ಅವರು ಒಂದು ಹಾಳೆಯಲ್ಲಿ ಗೆರೆ ಎಳೆದು ಒಂದೊಂದು ಗಂಟೆಯ ಪಾಳಿ ಬರೆದು ಅಂಟಿಸಿದರು. ತಮ್ಮ ಹೆಸರು ಮೇಲೆ ಬರಲಿ ಎಂದು ಜನ ಅವರಿಗೆ ಡೋನಟ್ ತಂದುಕೊಡತೊಡಗಿದರು. ಅಂಕಲ್‌ಗೆ ಸಕ್ಕರೆ ಕಾಯಿಲೆ. ಪ್ರತಿ ಡೋನಟ್ಟನ್ನೂ ಅವರು ಟಿಶ್ಯೂ ಕಾಗದದಲ್ಲಿ ಸುತ್ತಿ, ತಗೋ ತಂಗಿ ಎಂದು ನನ್ನ ಮೇಜಿಗೆ ದಾಟಿಸುತ್ತಿದ್ದರು. ನಾನು ತಪ್ಪಿತಸ್ಥಳ ಭಾವದಲ್ಲಿ ಬೇಡ ಎನ್ನಲಾರದೆ ತಿನ್ನುತ್ತಿದ್ದೆ. ಆ ವಸಂತದಲ್ಲಿ ಆರು ಪೌಂಡ್ ಏರಿದೆ. ಪಶ್ಚಾತ್ತಾಪದಿಂದ ಸೊರಗಿದವರ ಬಗ್ಗೆ ಕೇಳಿದ್ದೇನೆ, ದಪ್ಪಗಾದವಳು ಬಹುಶಃ ನಾನೊಬ್ಬಳೇ.

ಮೂರನೆಯ ವಾರ ತಡೆಯಲಾಗಲಿಲ್ಲ. ಅಂಕಲ್ ಕಾರು ರಿಪೇರಿಯಾಗಿ ಬಹಳ ದಿನವಾಗಿತ್ತು. ಸಂಜೆ ಪಾರ್ಕಿಂಗ್ ಲಾಟಿನಲ್ಲಿ ಅವರು ಕಾರಿನ ಬಾಗಿಲು ತೆಗೆಯುವಾಗ ಹೋಗಿ ಪಕ್ಕದಲ್ಲಿ ನಿಂತೆ.

‘ಅಂಕಲ್, ಆ ಕೊನೇ ಟೆಸ್ಟನ್ನ ರಿಪೋರ್ಟಲ್ಲಿ ನಾನು ಬೇಕಂತಲೇ ಬಿಟ್ಟಿದ್ದೆ.’

‘ಗೊತ್ತೈತಿ. ಟೈಮ್ ಬರದಾಂವ ನಾನ ಅಲ್ಲೇನು?’

‘ಮತ್ತೆ ಮೀಟಿಂಗಲ್ಲಿ ಯಾಕೆ ಹೇಳಲಿಲ್ಲ? ನಿಮ್ಮನ್ನ ಕೇಳಿದ್ರಲ್ಲ.’

ಅವರು ಬ್ಯಾಗನ್ನು ಸೀಟಿನ ಮೇಲಿಟ್ಟು, ಬಾಗಿಲಿಗೆ ಒರಗಿ ನಿಂತರು. ನನ್ನ ಮರ್ಯಾದೆ ಉಳಿಸಲು ಸುಮ್ಮನಿದ್ದೆ ಎನ್ನುತ್ತಾರೆಂದು ನಾನು ಕಣ್ಣೀರಿಗೆ ತಯಾರಾಗಿದ್ದೆ.

‘ಹೇಳಿದ್ರ ಹದಿನೆಂಟೂ ಹಳೇ ಮಷಿನ್ ಉಳೀತಿದ್ವು. ಹದಿನೆಂಟರಾಗ ನಾನೂ ಒಬ್ಬಾಂವ,’ ಎಂದರು. ‘ಹೋದ ವರ್ಷ ಬೋರ್ಡ್ ಕಾಲದ ಇಬ್ಬರನ್ನ ತಗದ್ರು, ನೆನಪೈತಿಲ್ಲೋ? ನನಗ ಐವತ್ತೆರಡು. ನನ್ನ ಯಾರ್ ತಗೋತಾರ? ಈಗ ನೋಡು, ನನ್ನ ಟೇಬಲ್ ಮುಂದ ಪಾಳಿ ಹಚ್ಯಾರ. ಈ ವರ್ಷ ನನ್ನ ಯಾರೂ ತಗ್ಯಾಂಗಿಲ್ಲ.’

ನಾನು ಇನ್ನೊಂದು ಹೆಜ್ಜೆ ಹತ್ತಿರ ಹೋದೆ.

‘ಅಂದ್ರೆ ಹೀಗಾಗತ್ತೆ ಅಂತ ಗೊತ್ತಿತ್ತಾ?’

‘ನೆಲ ಬದಲಾಗ್ತದಂತ ಗೊತ್ತಿರಲಿಲ್ಲ. ಇವತ್ತಿಲ್ಲ ನಾಳೆ ಏನರ ಬದಲಾಗ್ತದಂತ ಗೊತ್ತಿತ್ತು.’ ಕಾರಿನೊಳಗೆ ಕೂರುತ್ತ ಮತ್ತೆ ಹೇಳಿದರು, ‘ನೀ ಒಂದು ಪುಟ ಮುಚ್ಚಿಟ್ಟಿ, ನಾ ಬಾಯಿ ಮುಚ್ಚಿಟ್ಟೆ. ಇಬ್ಬರದೂ ಒಂದ ರೇಟು.’

ಅವರು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮೊದಲು ಸಿಟ್ಟು ಬಂತು. ಮೂರು ವಾರ ಅವರ ಡೋನಟ್ ತಿಂದು ಕೊರಗಿದ್ದು ಯಾಕೆ ಎನ್ನಿಸಿತು. ಆಮೇಲೆ ಬೇರೆ ಯೋಚನೆ ಬಂತು. ನಾನು ಸುಳ್ಳಾಡಿದ್ದು ಮೀಟಿಂಗಿನಲ್ಲಿ ಗೆಲ್ಲುವ ಚಪಲಕ್ಕೆ. ಅವರು ಸುಮ್ಮನಿದ್ದದ್ದು ಇಬ್ಬರು ಮಕ್ಕಳ ಕಾಲೇಜು, ಮನೆಯ ಕಂತು ನೆನೆದು. ರೇಟು ಒಂದೇ ಎಂದು ಅವರು ಹೇಳಿದ್ದು ನನಗೆ ಮಾಡಿದ ದೊಡ್ಡ ರಿಯಾಯಿತಿ.

ಮರುದಿನ ಮ್ಯಾನೇಜರ್ ಕೋಣೆಗೆ ಹೋದೆ. ಅಂಕಲ್ ಸುದ್ದಿ ಎತ್ತಲಿಲ್ಲ. ಒಂದು ಪರೀಕ್ಷೆಯ ಫಲಿತಾಂಶವನ್ನು ನಾನು ತಿಳಿದೇ ಕೈಬಿಟ್ಟಿದ್ದೆ, ಈಗ ಆಗುತ್ತಿರುವುದಕ್ಕೆಲ್ಲ ಅದೇ ಕಾರಣ ಎಂದೆ. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡ ವಾಕ್ಯ ಅದು. ಅವನು ಡ್ರಾಯರಿನಿಂದ ನನ್ನ ವರದಿ ತೆಗೆದು, ಮೊದಲ ಪುಟ ತಿರುವಿ ನನ್ನ ಮುಂದೆ ಇಟ್ಟ. ಪರಿವಿಡಿ. ಅದರಲ್ಲಿ ಏಳನೇ ಸಾಲು: ಪೂರ್ಣ ಜೋಡಣೆಯ ಪರೀಕ್ಷೆ, ಪುಟ ಏಳು. ಪುಟ ತೆಗೆದ ನಾನು ಪರಿವಿಡಿ ತಿದ್ದುವುದನ್ನು ಮರೆತಿದ್ದೆ. ‘ಯಾವ ವರದಿಯಲ್ಲೂ ನಾನು ಪೂರ್ತಿ ಓದುವುದು ಇದೊಂದು ಪುಟವನ್ನೇ,’ ಎಂದ.

ಹಾಗಾದರೆ ಯಾಕೆ ಕೇಳಲಿಲ್ಲ ಎಂದು ನಾನು ತೊದಲಿದೆ. ಕೇಳಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತು, ಉತ್ತರ ಸಿಕ್ಕಿದ್ದರೆ ಮೇಲಿನವರಿಗೆ ಹೇಳಬೇಕಾಗುತ್ತಿತ್ತು ಎಂದು ಅವನು ಸಹಜವಾಗಿ ಹೇಳಿದ. ಆಮೇಲೆ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದ. ಜನ ಸರದಿಯಲ್ಲಿ ಕಳೆದ ಗಂಟೆಗಳ ಸಂಬಳ, ಮೂರು ವಾರದ ತಡ, ಎಲ್ಲ ಸೇರಿಸಿದರೂ ಹದಿನೇಳು ಪಿಸಿಗಳೇ ಅಗ್ಗ. ಬಹಳಷ್ಟು ಅಗ್ಗ. ಇನ್ನೆರಡು ದೊಡ್ಡ ಯುನಿಕ್ಸ್ ಯಂತ್ರ ಕೊಂಡರೂ ಅಗ್ಗವೇ. ಹಾಗಾಗಿ ಎರಡು ಕೊಳ್ಳುತ್ತಿದ್ದೇನೆ ಎಂದ. ನನ್ನ ತಪ್ಪಿನ ಭಾರದಲ್ಲಿ ಕುಸಿದು ಬೀಳಲೆಂದೇ ಹೋದವಳು ನಾನು ಸರಿಯಾಗಿಯೇ ಇದ್ದೆ ಎಂದು ತಿಳಿದು ಹೊರಗೆ ಬಂದೆ. ಅಷ್ಟು ಅವಮಾನ ಬೈಸಿಕೊಂಡಿದ್ದರೂ ಆಗುತ್ತಿರಲಿಲ್ಲ.

ಆ ಎರಡು ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅಂಕಲ್‌ಗೇ ಹೋಯಿತು. ಇಬ್ಬರು ಹೊಸಬರಿಗೆ ಕಲಿಸುವ ಹೊಣೆಯನ್ನೂ ಕೊಟ್ಟರು. ಮುಂದಿನ ಎರಡು ಸಲ ಜನರನ್ನು ತೆಗೆದಾಗಲೂ ಅವರ ಹೆಸರು ಬರಲಿಲ್ಲ. ಎರಡನೆಯ ಸಲ ನನ್ನ ಹೆಸರು ಬಂತು. ನನ್ನ ಮೇಜಿನ ಸಾಮಾನುಗಳನ್ನು ಕಾರಿಗೆ ಹೊತ್ತು ತಂದವರು ಅವರೇ. ದಾರಿಯಲ್ಲಿ ಒಂದೇ ಮಾತು, ನಿಮ್ಮ ಆಂಟಿ ಜೋಳದ ರೊಟ್ಟಿ ಮಾಡ್ಯಾರ, ಇಬ್ಬರೂ ಊಟಕ್ಕೆ ಬರ್ರಿ ಅಂತ ಹೇಳ್ಯಾರ ಎಂದರು. ಹೋಗಿ, ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಬಿರಿಯುವಂತೆ ತಿಂದು ಬಂದೆವು. ಅದಾದ ಮೇಲೆ ನಾವು ಗಂಡನ ಕೆಲಸದ ಹಿಂದೆ ಶಿಕಾಗೋ ಕಡೆ, ಶಾಮ್‌ಬರ್ಗ್‌ಗೆ ಬಂದೆವು. ನಾನು ಸೀಟು ಬಿಟ್ಟು ಓಕ್ ಬ್ರೂಕ್‌ನ ಒಂದು ಆಫೀಸಿನಲ್ಲಿ ಬೇರೆ ಕೆಲಸ ಹಿಡಿದೆ.

ಅಲ್ಲಿಗೆ ಬಂದು ಕೆಲವು ವರ್ಷಗಳಾಗಿದ್ದಾಗ ಒಂದು ಶನಿವಾರ ಅಂಕಲ್ ಫೋನ್ ಮಾಡಿದರು. ನಿವೃತ್ತರಾಗಿದ್ದಾರಂತೆ. ಬೇಸ್‌ಮೆಂಟಿನಲ್ಲಿ ಕೂತು ಊರಿನ ಹಳೆಯ ಫೋಟೋಗಳನ್ನೂ ಮದುವೆಯ ವಿಡಿಯೋಗಳನ್ನೂ ಕಂಪ್ಯೂಟರಿಗೆ ಹಾಕಬೇಕಂತೆ, ಎಂಥ ಯಂತ್ರ ಕೊಳ್ಳಲಿ ಎಂದು ಕೇಳಿದರು. ಆ ಹೊತ್ತಿಗೆ ನಮ್ಮ ಜುಟ್ಟಿನ ಕಲಾವಿದನ ಮೇಜಿನ ಮೇಲಿದ್ದಂಥ ಯಂತ್ರಗಳೂ ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆಗಳಾಗಿ ಗಂಭೀರ ಕೆಲಸಕ್ಕೆ ಇಳಿದಿದ್ದವು. ಮೂರು ಯಂತ್ರಗಳನ್ನು ಆರಿಸಿ, ಒಂದೊಂದರ ಗುಣ, ದೋಷ, ಬೆಲೆ, ಬಾಳಿಕೆ, ಯಾವುದನ್ನೂ ಬಿಡದೆ ಮುಕ್ಕಾಲು ಗಂಟೆ ವಿವರಿಸಿದೆ. ಇಷ್ಟು ಪ್ರಾಮಾಣಿಕವಾದ ವರದಿಯನ್ನು ನಾನು ಸಂಬಳ ತೆಗೆದುಕೊಂಡು ಎಂದೂ ಬರೆದಿಲ್ಲ. ಎಲ್ಲ ಕೇಳಿ ಅವರು, ಭಾಳ ಚಲೋ ಹೇಳಿದಿ ತಂಗಿ ಎಂದರು.

ಮುಂದಿನ ವಾರ ನಾನೇ ಫೋನ್ ಮಾಡಿ ಯಾವುದು ಕೊಂಡಿರಿ ಎಂದು ಕೇಳಿದೆ. ಅಳಿಯ ಹೇಳಿದ್ದನ್ನು ಕೊಂಡಿದ್ದರು. ನಾನು ಹೇಳಿದ ಮೂರರಲ್ಲಿ ಅದು ಇರಲೇ ಇಲ್ಲ.